ತುಂಗಭದ್ರೆಯ ಹರಿಗೋಲು, ಭೂಲೋಕಮಲ್ಲನ ಗಾಳ

‘ಗಾಳ ಹಾಕು’ ಎಂಬ ಮಾತನ್ನು ನಾವು ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಗಿರಾಕಿಗೆ ಗಾಳ ಹಾಕುವ ವ್ಯಾಪಾರಿ, ವರನಿಗೆ ಗಾಳ ಹಾಕುವ ಹೆಣ್ಣಿನ ಕಡೆಯವರು, ಮತಕ್ಕೆ ಗಾಳ ಹಾಕುವ ಮುಂದಾಳು, ಇವರೆಲ್ಲ ದಾವಣಗೆರೆಯ ಪೇಟೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ನಾಲ್ಕು ಹೆಜ್ಜೆ ಆಚೆಗಿರುವ ಹರಿಹರಕ್ಕೆ ಹೋಗಿ, ಹೊಳೆಗಿಳಿದು, ನಿಜವಾದ ಗಾಳವನ್ನು ನೀರಿಗೆ ಬಿಟ್ಟವರು ಇವರಲ್ಲಿ ನೂರಕ್ಕೊಬ್ಬರೂ ಇರಲಾರರು. ಶಬ್ದ ಪೇಟೆಗೆ ಬಂದಿದೆ, ವಸ್ತು ಹೊಳೆಯಲ್ಲಿಯೇ ಉಳಿದಿದೆ. ಹಾಗೆಯೇ ಇನ್ನೊಂದು ಶಬ್ದ, ‘ಎರೆ’. ಗಾಳದ ಕೊಕ್ಕೆಗೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ ಎರೆ ಎಂದು ಹೆಸರು. ಎರೆಹುಳು ಎಂಬ ಮಾತಿನಲ್ಲಿರುವುದು ಈ ಎರೆಯೋ, ನಮ್ಮ ಸುತ್ತಲಿನ ಕರಿಯ ಎರೆಮಣ್ಣೋ ಎಂದು ವಾದಿಸುವವರುಂಟು. ನನ್ನ ಒಲವು ಮೊದಲನೆಯ ಕಡೆಗೆ. ಒಂದು ಪ್ರಾಣಿಗೆ ಅದರ ಉಪಯೋಗದಿಂದ ಹೆಸರಿಟ್ಟ ಜನ ಆ ಉಪಯೋಗವನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು.

ಹರಿಗೋಲಿನಲ್ಲಿ ಕುಳಿತು ಹೊಳೆಯ ದೊಡ್ಡ ಮೀನನ್ನು ಹಿಡಿಯಬೇಕಾದವನು ಎಂಥ ಕೋಲು, ಎಂಥ ದಾರ, ಎಂಥ ಕೊಕ್ಕೆ, ಎಂಥ ಎರೆಯನ್ನು ಆರಿಸಿಕೊಳ್ಳಬೇಕು ಎಂಬುದು ಪ್ರಕೃತ ವಿಷಯ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ಕನ್ನಡ ಪಂಡಿತನಿಗೆ ಈ ಉಸಾಬರಿ ಏತಕ್ಕೆ ಎಂದು ವಾಚಕರು ನಕ್ಕರೆ ತಪ್ಪಿಲ್ಲ. ಕಾರಣ ಇಷ್ಟೇ. ಗಾಳದ ವಿದ್ಯೆಯನ್ನು ಒಂದು ಶಾಸ್ತ್ರವೆಂದು ಎಣಿಸಿ, ವಿಂಗಡಿಸಿ, ಶ್ಲೋಕಗಳಲ್ಲಿ ಬರೆದಿಟ್ಟವನು ನಮ್ಮ ನಾಡಿನ ಒಬ್ಬ ಅರಸು. ಅದನ್ನು ಬರೆಯದೆ ಕೈಯಲ್ಲಿ ಉಳಿಸಿಕೊಂಡು ಬಂದವರು ನಮ್ಮ ಹೊಳೆಯ ಅಂಬಿಗರು. ಈ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿದವರು ಕಡಿಮೆ.

ಅರಸನ ಹೆಸರು ಮೂರನೆಯ ಸೋಮೇಶ್ವರ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಮಗ. 1126ರಲ್ಲಿ ತಂದೆ ತೀರಿಕೊಂಡ ಬಳಿಕ ಪಟ್ಟಕ್ಕೆ ಬಂದು ಸುಮಾರು ಹನ್ನೆರಡು ವರ್ಷ ಆಳಿದ. ಭೂಲೋಕಮಲ್ಲ, ಸರ್ವಜ್ಞ ಎಂಬುವು ಇವನ ಬಿರುದುಗಳು. ತಂದೆಯ ಕೀರ್ತಿ ಕತ್ತಿಯದಾದರೆ ಮಗನದು ಲೇಖನಿಯದು. ಇವನ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರುಂಟು. ಶಕ 1051, ಎಂದರೆ ಕ್ರಿ. ಶ. 1129ರ ಸುಮಾರಿನ ಗ್ರಂಥ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಪಡೆಯುವುದರಿಂದ ಹಿಡಿದು ಅಡಿಗೆ, ಆನೆ, ರತ್ನ, ಚಿತ್ರ, ಸಂಗೀತದವರೆಗೆ ಅರಸನಾದವನು ಬಲ್ಲಬೇಕಾದುದೆಲ್ಲ ಅದರಲ್ಲಿದೆ. ನಾಲ್ಕನೆಯದು ವಿನೋದ ವಿಂಶತಿ. ಆನೆಗಳ ಕಾಳಗ, ಮಲ್ಲರ ಕುಸ್ತಿ, ಕೋಳಿಯ ಅಂಕ, ಟಗರಿನ ಹೋರಾಟ ಇವುಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯ ಬರುತ್ತದೆ.

ಅಧ್ಯಾಯ ಚಿಕ್ಕದು, ವ್ಯವಸ್ಥೆ ದೊಡ್ಡದು. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅರಸು ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು ಎಂದು ಬೇರ್ಪಡಿಸುತ್ತಾನೆ. ಮೈಮೇಲೆ ಹುರುಪೆಯುಳ್ಳವು, ಬರಿಯ ಚರ್ಮದವು ಎಂದು ಮತ್ತೊಂದು ವಿಂಗಡಣೆ. ದೊಡ್ಡವು, ನಡುತರದವು, ಸಣ್ಣವು ಎಂದು ಇನ್ನೊಂದು. ಈ ವಿಂಗಡಣೆ ಪಂಡಿತರ ಚಪಲವಲ್ಲ. ಯಾವ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಎಷ್ಟು ಭಾರವಿರುತ್ತದೆ ಎಂಬುದು ತಿಳಿಯದೆ ಗಾಳವನ್ನು ಆರಿಸಲಾಗದು. ಮೊದಲು ಮೀನು, ಆಮೇಲೆ ಎರೆ, ಆಮೇಲೆ ಕೊಕ್ಕೆ, ದಾರ, ಕೋಲು. ಗಾಳ ಹಾಕುವವನ ಲೆಕ್ಕ ನಡೆಯಬೇಕಾದ ಕ್ರಮವೂ ಇದೇ. ಒಂದು ಜಾಗವನ್ನು ಗೊತ್ತುಮಾಡಿ, ಮುಂಚಿತವಾಗಿಯೇ ಅಲ್ಲಿ ಆಹಾರವನ್ನು ಚೆಲ್ಲಿ ಮೀನುಗಳನ್ನು ರೂಢಿಮಾಡಿಸಿಕೊಳ್ಳುವ ಉಪಾಯವೂ ಅಲ್ಲಿ ಬರುತ್ತದೆ. ಇಂಗ್ಲೆಂಡಿನಲ್ಲಿ ಗಾಳದ ವಿಚಾರವಾಗಿ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಆ ದೇಶದವರು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ಭೂಲೋಕಮಲ್ಲ ಮೊದಲನೆಯದಕ್ಕಿಂತ ಮೂರೂವರೆ ಶತಮಾನಕ್ಕೂ ಹಿಂದಿನವನು.

ಇಷ್ಟಾದರೂ ಮತ್ಸ್ಯವಿನೋದವನ್ನು ಲೋಕದ ಕಣ್ಣಿಗೆ ತಂದವರು ಕನ್ನಡ ಪಂಡಿತರಲ್ಲ. ಗ್ರಂಥದ ಮೊದಲ ಭಾಗವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಅಚ್ಚು ಹಾಕಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೇ ಇವರು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1925, 1939, 1961 ಹೀಗೆ ಮೂರು ಸಂಪುಟಗಳು ಹೊರಬಂದುವು. ಮೀನಿನ ಅಧ್ಯಾಯವನ್ನು ಬಿಡಿಸಿ, ಪ್ರತಿಯೊಂದು ಹೆಸರೂ ಯಾವ ಮೀನಿಗೆ ಸಲ್ಲುತ್ತದೆಂದು ವಿಚಾರಿಸಿ, 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದವರು ಸುಂದರಲಾಲ ಹೋರಾ. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮೀನುಶಾಸ್ತ್ರಜ್ಞ. ನಾವು ಪಂಡಿತರು ಮಾನಸೋಲ್ಲಾಸದ ಸಂಗೀತವನ್ನೂ ಪಾಕವನ್ನೂ ಓದಿ ಮೀನಿನ ಅಧ್ಯಾಯ ಬಂದಾಗ ಹಾಳೆ ಮಗುಚಿದೆವು. ಮಡಿಯ ಭಯವೋ ಏನೋ.

ಸೋಮೇಶ್ವರನ ಕಾಲದಲ್ಲಿ ನಮ್ಮ ಈ ಸೀಮೆ ನೊಳಂಬವಾಡಿಯ ಒಳಗಿತ್ತು. ಚಾಲುಕ್ಯರ ಸಾಮಂತರಾದ ಪಾಂಡ್ಯರು ಉಚ್ಚಂಗಿಯ ದುರ್ಗದಿಂದ ಇದನ್ನು ಆಳುತ್ತಿದ್ದರು. ಹರಿಹರಕ್ಕೆ ಆಗ ಕೂಡಲೂರು ಎಂಬ ಹೆಸರು. ಸೂಳೆಕೆರೆಯಿಂದ ಹೊರಟ ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವ ಸ್ಥಳವಾದ್ದರಿಂದ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ್ದು ಸುಮಾರು ನೂರು ವರ್ಷದ ಬಳಿಕ, 1224ರ ಹೊತ್ತಿಗೆ. ಗುಡಿಗಿಂತ ಮುಂಚೆ ಅಲ್ಲಿದ್ದುದು ಹೊಳೆ, ಕಡವು ಮತ್ತು ಅಂಬಿಗ.

ಅಂಬಿಗ ಎಂದ ಕೂಡಲೇ ಚೌಡಯ್ಯನ ನೆನಪಾಗುತ್ತದೆ. ಹರಿಹರದಿಂದ ಹೊಳೆಯ ಗುಂಟ ಕೆಳಗೆ ನಡೆದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ಸಿಗುತ್ತದೆ. ಅಂಬಿಗರ ಚೌಡಯ್ಯನ ಊರೆಂದು ಪ್ರಸಿದ್ಧವಾದದ್ದು. ಭೂಲೋಕಮಲ್ಲ ಗ್ರಂಥ ಬರೆದ ಶತಮಾನದಲ್ಲಿಯೇ, ಒಂದು ತಲೆಮಾರಿನ ಆಚೆಗೆ, ಈ ಶರಣ ಇದೇ ನೀರಿನಲ್ಲಿ ಹುಟ್ಟು ಹಾಕುತ್ತ ವಚನ ಹೇಳಿದ. ಅವನ ವಚನಗಳಲ್ಲಿ ಹೊಳೆಯೂ ದೋಣಿಯೂ ದಡವೂ ಸಂಸಾರವನ್ನು ದಾಟಿಸುವ ಮಾತಾಗಿ ಬರುತ್ತವೆ. ಕಸುಬಿನ ಗುಟ್ಟನ್ನು ಅವನು ಬರೆದಿಡಲಿಲ್ಲ. ಯಾರು ಬರೆದಾರು? ಅರಸನಿಗೆ ಮೀನು ವಿನೋದ, ಅಂಬಿಗನಿಗೆ ಹೊಟ್ಟೆಪಾಡು. ವಿನೋದಕ್ಕೆ ಶಾಸ್ತ್ರ ಹುಟ್ಟುತ್ತದೆ, ಹೊಟ್ಟೆಪಾಡು ತಂದೆಯ ಕೈಯಿಂದ ಮಗನ ಕೈಗೆ ದಾಟುತ್ತದೆ. ಆದ್ದರಿಂದ ಗಾಳದ ಅರ್ಧ ವಿದ್ಯೆ ನಮಗೆ ಸಂಸ್ಕೃತ ಶ್ಲೋಕದಲ್ಲಿ ಸಿಕ್ಕಿದೆ. ಇನ್ನರ್ಧವನ್ನು, ಎಂದರೆ ತೇಲುವ ಪಾತ್ರೆಯಲ್ಲಿ ಕುಳಿತವನು ಗಾಳವನ್ನು ಹೇಗೆ ಆರಿಸಬೇಕೆಂಬುದನ್ನು, ಹೊಳೆಯ ದಡದಲ್ಲಿ ಕೇಳಿ ತಿಳಿಯಬೇಕು.

ಹರಿಗೋಲನ್ನು ನೋಡದವರು ಈ ಪ್ರಾಂತ್ಯದಲ್ಲಿ ಇರಲಾರರು. ಹರಿಯುವ ನೀರು, ಕೋಲು ಎಂದು ಮೇಲುನೋಟಕ್ಕೆ ಪದವನ್ನು ಬಿಡಿಸಬಹುದು. ಅರಿಗೋಲು ಎಂಬ ರೂಪವೂ ಉಂಟು. ಸೀಳಿದ ಬಿದಿರನ್ನು ದೊಡ್ಡ ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿ ಅದು. ಅದಕ್ಕೆ ಮುಂದಲೆಯಿಲ್ಲ, ಹಿಂದಲೆಯಿಲ್ಲ. 1520ರ ಸುಮಾರಿನಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇವನ್ನು ಕಂಡು ಬೆರಗಾದ. ಒಳಗೆ ಬಿದಿರು ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂಡಬಹುದು, ಬೇಕೆಂದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ನೆಟ್ಟಗೆ ಹೋಗಲಾರದೆ ಯಾವಾಗಲೂ ಗಿರಿಗಿರಿ ತಿರುಗುತ್ತದೆ ಎಂದು ಬರೆದಿಟ್ಟ. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚಿಯಲ್ಲಿ ಹರಿಹರದಿಂದ ದಂಡು ಹೊರಡಿಸಿ ಹಾವನೂರಿನ ಬಳಿ ತುಂಗಭದ್ರೆಯನ್ನು ದಾಟಿದ. ಮಳೆಗಾಲಕ್ಕೆ ಬುಟ್ಟಿದೋಣಿಗಳನ್ನು ಕಟ್ಟಿಸುವ ವಿಚಾರ ಅವನ ಪತ್ರಗಳಲ್ಲಿ ಬರುತ್ತದೆ. ಹರಿಹರಕ್ಕೆ ಕಲ್ಲಿನ ಸೇತುವೆ ಬಂದದ್ದು 1868ರಲ್ಲಿ. ಅಲ್ಲಿಂದ ಮುಂದೆ ಹರಿಗೋಲು ದಾಟಿಸುವ ಕೆಲಸವನ್ನು ಕಳೆದುಕೊಂಡು ಹೆಚ್ಚಾಗಿ ಮೀನಿನ ಕೆಲಸಕ್ಕೆ ಉಳಿಯಿತು.

ತೊಗಲಿನ ದೋಣಿ ನಮ್ಮೊಬ್ಬರದೇ ಅಲ್ಲ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಕಯಾಕ್ ಎಂಬ ದೋಣಿಯೂ ಇದೇ ಕುಲದ್ದು. ಅದರ ಎಲುಬುಗೂಡು ಕಡಲು ತಂದೆಸೆದ ಮರದ್ದು ಅಥವಾ ತಿಮಿಂಗಿಲದ ಮೂಳೆಯದು, ಹೊದಿಕೆ ಸೀಲ್ ಎಂಬ ಕಡಲ ಪ್ರಾಣಿಯ ತೊಗಲಿನದು. ನಮ್ಮದು ಬುಟ್ಟಿಯಾದರೆ ಅದು ಮಗ್ಗದ ಲಾಳಿ. ಅದರಲ್ಲಿ ಒಬ್ಬನೇ ಕೂಡುವುದು, ಸೊಂಟದವರೆಗೆ ಒಳಗೇ ಸಿಕ್ಕಿಕೊಂಡಿರುವುದು. ಆ ಬೇಟೆಗಾರರು ಈಟಿಯ ಹಗ್ಗವನ್ನು ದೋಣಿಗೆ ಕಟ್ಟುವುದಿಲ್ಲ; ಊದಿದ ತೊಗಲಿನ ಚೀಲವೊಂದಕ್ಕೆ ಕಟ್ಟಿ ನೀರಿಗೆ ಬಿಡುತ್ತಾರೆ. ಪೆಟ್ಟು ತಿಂದ ಪ್ರಾಣಿ ಆ ಚೀಲವನ್ನು ಎಳೆದೆಳೆದು ದಣಿಯುತ್ತದೆ, ಬೇಟೆಗಾರ ದೂರದಿಂದ ನೋಡುತ್ತಾನೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಂತೂ ನಮ್ಮ ಹರಿಗೋಲಿನ ಖಾಸಾ ಸೋದರನೇ ಇದ್ದಾನೆ. ಹಿಂದೆ ತೊಗಲು, ಈಚೆಗೆ ಟಾರು ಬಳಿದ ಬಟ್ಟೆ ಹೊದಿಸಿದ ಕೊರಕಲ್ ಎಂಬ ದೋಣಿ. ಅಲ್ಲಿಯ ಮೀನುಗಾರರು ಎರಡು ದೋಣಿಗಳ ನಡುವೆ ಒಂದು ಬಲೆಯನ್ನು ಹಿಡಿದು ಪ್ರವಾಹದೊಡನೆ ತೇಲಿಬಂದು ಸಾಲ್ಮನ್ ಮೀನನ್ನು ಹಿಡಿಯುತ್ತಾರೆ. ಮದ್ರಾಸು ಸರ್ಕಾರದ ಮೀನುಗಾರಿಕೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಹಿಂದೂಸ್ಥಾನದ ಹರಿಗೋಲುಗಳ ಮೇಲೂ ತಮ್ಮ ದೇಶದ ಕೊರಕಲ್ಲುಗಳ ಮೇಲೂ ಬರೆದರು.

ಈಗ ಗಾಳಕ್ಕೆ ಬರೋಣ. ದಡದ ಮೇಲೆ ನಿಂತವನಿಗೂ ಹರಿಗೋಲಿನಲ್ಲಿ ಕುಳಿತವನಿಗೂ ಬೇಕಾದ ಸಲಕರಣೆ ಒಂದೇ ಅಲ್ಲ. ದಡದವನ ಕಾಲ ಕೆಳಗೆ ಭೂಮಿ ಅಲುಗುವುದಿಲ್ಲ. ಮೀನು ಓಡಿ ದಾರ ಮುಗಿದರೆ ಮೀನಿನ ಬಲವೆಲ್ಲ ದಾರದ ಮೇಲೆಯೇ ಬೀಳುತ್ತದೆ, ದಾರ ಕಡಿಯುತ್ತದೆ. ಅದಕ್ಕಾಗಿ ಅವನಿಗೆ ಉದ್ದದ ದಾರ ಬೇಕು, ಬಾಗಿ ಬಾಗಿ ಜಗ್ಗುವ ಉದ್ದನೆಯ ಕೋಲು ಬೇಕು. ಹರಿಗೋಲಿನವನ ಸಂಗತಿ ಬೇರೆ. ದೊಡ್ಡ ಮೀನು ಎಳೆದರೆ ಹರಿಗೋಲೇ ಅದರ ಹಿಂದೆ ಹೊರಡುತ್ತದೆ. ತಳದಲ್ಲಿ ಏಣಿಲ್ಲದ ದುಂಡನೆಯ ಬುಟ್ಟಿ; ನೀರು ಅದನ್ನು ತಡೆಯುವುದು ಅಷ್ಟಕ್ಕಷ್ಟೆ. ಆದ್ದರಿಂದ ದಾರದ ಮೇಲಿನ ಜಗ್ಗು ಒಂದು ಮಿತಿಯನ್ನು ಮೀರುವುದಿಲ್ಲ. ಇನ್ಯುಯಿಟ್ ಬೇಟೆಗಾರನ ತೊಗಲುಚೀಲ ಮಾಡುವ ಕೆಲಸವನ್ನು ಇಲ್ಲಿ ದೋಣಿಯೇ ಮಾಡುತ್ತದೆ. ಮೀನು ದೋಣಿಯನ್ನು ಎಳೆದು ತಾನೇ ದಣಿಯುತ್ತದೆ. ಈ ಕಾರಣದಿಂದ ದಡದವನಿಗಿಂತ ತೆಳ್ಳನೆಯ ದಾರದಲ್ಲಿ ಹರಿಗೋಲಿನವನು ಕೆಲಸ ನಡೆಸಬಲ್ಲ.

ಆದರೆ ಈ ಲಾಭಕ್ಕೆ ತೆರಿಗೆಯುಂಟು. ಮೊದಲನೆಯದಾಗಿ, ಜಗ್ಗು ದೋಣಿಯ ನಡುವಿಗೆ ಬೀಳದೆ ಅಂಚಿಗೆ ಬೀಳುವುದರಿಂದ ಬುಟ್ಟಿ ಬುಗುರಿಯಂತೆ ಸುತ್ತುತ್ತದೆ; ಸುತ್ತಿದರೆ ದಾರ ಬಿದಿರಿನ ಕಂಠಕ್ಕೆ ಉಜ್ಜಿ ಹರಿಯುತ್ತದೆ. ಅದಕ್ಕಾಗಿ ಹುಟ್ಟು ಹಿಡಿಯಲು ಇನ್ನೊಬ್ಬ ಬೇಕು. ಗಾಳದವನ ಮುಖ ಮೀನಿನ ಕಡೆಗಿರುವಂತೆ ನೋಡಿಕೊಳ್ಳುವುದೇ ಅವನ ಕೆಲಸ. ಮೀನು ಬುಟ್ಟಿಯ ಅಡಿಗೆ ನುಗ್ಗಿದಾಗಲೂ ಇದೇ ಅಪಾಯ. ಎರಡನೆಯದಾಗಿ, ಉದ್ದನೆಯ ಕೋಲು ಇಲ್ಲಿ ಉಪದ್ರವ. ಕುಳಿತವನು ಹನ್ನೆರಡು ಅಡಿಯ ಕೋಲನ್ನು ಎತ್ತಿದರೆ ಮೀನು ಕೋಲಿನ ತುದಿಯ ಕೆಳಗೆ ಇರುತ್ತದೆ, ಕೈಗೆ ಎಟುಕುವುದಿಲ್ಲ. ಎದ್ದು ನಿಂತನೋ, ಹೊಳೆಯ ಪಾಲು. ಆಳೆತ್ತರದ ಗಿಡ್ಡ ಬಿದಿರೇ ಮೇಲು, ಅನೇಕರಿಗೆ ಕೋಲೂ ಬೇಡ. ಬೆರಳಿನ ಮೇಲೆ ಓಡುವ ಕೈದಾರವೇ ಸಾಕು. ಮೂರನೆಯದು ಕೊಕ್ಕೆಯ ವಿಚಾರ. ಮೂರು ಮುಳ್ಳಿನ ಗಾಳ ದಡದಲ್ಲಿ ಶೋಭಿಸಬಹುದು. ತೊಗಲಿನ ದೋಣಿಯಲ್ಲಿ, ಈಗಿನ ಪ್ಲಾಸ್ಟಿಕ್ ಹಾಳೆಯ ದೋಣಿಯಲ್ಲಿ ಇನ್ನೂ ಹೆಚ್ಚಾಗಿ, ಅದು ಮೀನಿಗಿಂತ ಮುಂಚೆ ದೋಣಿಯನ್ನೇ ಹಿಡಿಯುತ್ತದೆ. ಒಂಟಿ ಕೊಕ್ಕೆಯೇ ಸರಿ. ಅದನ್ನೂ ಕೆಲಸವಿಲ್ಲದಾಗ ಬೆಂಡಿನ ತುಂಡಿಗೆ ಚುಚ್ಚಿಡಬೇಕು. ದಾರದ ತುದಿಯನ್ನು ಸೊಂಟಕ್ಕೋ ಕಾಲಿಗೋ ಕಟ್ಟಿಕೊಳ್ಳಬಾರದು, ಕೈಯಳವಿನಲ್ಲಿ ಕತ್ತಿ ಇರಬೇಕು. ಕೊನೆಯದಾಗಿ, ಭಾರಿ ಮೀನನ್ನು ಬುಟ್ಟಿಯೊಳಕ್ಕೆ ಎತ್ತುವ ಗೋಜಿಗೆ ಹೋಗಬಾರದು. ಮೆಲ್ಲಗೆ ಮರಳದಿಬ್ಬಕ್ಕೆ ತಾಗಿಸಿ, ಇಳಿದು ನಿಂತು, ಆಮೇಲೆ ಎಳೆದುಕೊಳ್ಳಬೇಕು. ಇವೆಲ್ಲ ಹರಿಹರದ ಹೊಳೆಯಂಚಿನಲ್ಲಿ ಬೆಸ್ತರನ್ನು ಕೇಳಿದರೆ ಬೀಡಿ ಹೊತ್ತಿಸುವಷ್ಟು ಹೊತ್ತಿನಲ್ಲಿ ಹೇಳಿಬಿಡುತ್ತಾರೆ. ಕೇಳುವವರು ಬೇಕು.

ಇಷ್ಟು ಸಿದ್ಧತೆ ಯಾವ ಮೀನಿಗೆ? ನಮ್ಮ ಹೊಳೆಗಳಲ್ಲಿ ಗಾಳಕ್ಕೆ ರಾಜನೆನಿಸಿದ್ದು ಮಹಶೀರ್. ಈ ಹೆಸರಿನ ಮೂಲದ ಬಗ್ಗೆಯೇ ಒಂದು ಪಂಡಿತಸಭೆ ಕೂಡಿಸಬಹುದು. ದೊಡ್ಡ ತಲೆಯುಳ್ಳದ್ದು ಮಹಾಶಿರ ಎಂದು ಒಬ್ಬರು. ಅಂಗೈಯಗಲದ ಹುರುಪೆಯುಳ್ಳದ್ದಾದ್ದರಿಂದ ಮಹಾಶಲ್ಕ ಎಂದು ಇನ್ನೊಬ್ಬರು. ಪಾರಸಿಯಲ್ಲಿ ಮಾಹಿ ಎಂದರೆ ಮೀನು, ಶೇರ್ ಎಂದರೆ ಸಿಂಹ ಎಂದು ಮೂರನೆಯವರು. ಶಾಸ್ತ್ರೀಯವಾಗಿ ಈ ಕುಲವನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್, ಗಂಗೆಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯನ್ನೆಲ್ಲ ಸುತ್ತಿ, 1801ರಲ್ಲಿ ದಾವಣಗೆರೆಯ ಕಂಬಳಿ ವ್ಯಾಪಾರವನ್ನೂ ಹರಿಹರದ ಗುಡಿಯನ್ನೂ ನೋಡಿ ಬರೆದ ಬುಕಾನನ್ ಇವನೇ. ಕೃಷ್ಣೆಯ ಕೂಡಲಿನ ಹೊಳೆಗಳಲ್ಲಿರುವ, ಎಂದರೆ ನಮ್ಮ ತುಂಗಭದ್ರೆಗೂ ಸಲ್ಲುವ ದಖನಿ ಮಹಶೀರನ್ನು ಕರ್ನಲ್ ಸೈಕ್ಸ್ ಪುಣೆಯ ಕಡೆಯಿಂದ ವರ್ಣಿಸಿ ‘ಖುದ್ರೀ’ ಎಂಬ ಹೆಸರು ಕೊಟ್ಟದ್ದು 1839ರಲ್ಲಿ.

ಇಂಗ್ಲಿಷರು ಇದನ್ನು ಹಿಂದೂಸ್ಥಾನದ ಸಾಲ್ಮನ್ ಎಂದರು. ಹೋಲಿಕೆ ಅರ್ಧ ಸರಿ. ಎರಡೂ ಬಲಶಾಲಿಗಳು, ಎರಡೂ ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಏರುವುವು. ಆದರೆ ಸಾಲ್ಮನ್ ಕಡಲಿನಿಂದ ಹೊಳೆಗೆ ಬಂದ ಮೇಲೆ ಊಟವನ್ನೇ ಬಿಡುತ್ತದೆ. ಅದಕ್ಕೆ ಹಸಿವಿಲ್ಲ, ಗರಿ, ರೇಷ್ಮೆ ಸುತ್ತಿದ ಬಣ್ಣದ ನೊಣವನ್ನು ಕಣ್ಣ ಮುಂದೆ ಆಡಿಸಿ ಕೆರಳಿಸಬೇಕು. ಮಹಶೀರಿಗೆ ಹಸಿವು ಸದಾ ಇರುತ್ತದೆ. ಏಡಿ, ಸಣ್ಣ ಮೀನು, ದಡದ ಮರದಿಂದ ಉದುರಿದ ಹಣ್ಣು, ಎಲ್ಲವೂ ಆಗುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿ ಹಲ್ಲಿದೆ. ಏಡಿಯ ಚಿಪ್ಪನ್ನು ನುರಿಸುವ ಬಾಯಿಗೆ ಸಾಲ್ಮನ್ನಿನ ನಾಜೂಕು ಕೊಕ್ಕೆ ಸಿಕ್ಕರೆ ಕಡ್ಡಿಯಂತೆ ಮುರಿದು ಉಗುಳುತ್ತದೆ. ಮತ್ತೆ ಅದರ ಮೊದಲ ಓಟ! ಕಚ್ಚಿದ ಕ್ಷಣವೇ ಬಾಣದಂತೆ ಹೊರಟು ನೂರು ಗಜ ದಾರವನ್ನು ಒಂದೇ ಉಸಿರಿಗೆ ಸೆಳೆದುಕೊಳ್ಳಬಲ್ಲದು. ತಮ್ಮ ದೇಶದ ಸಾಲ್ಮನ್ ಗಾಳವನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದ ದೊರೆಗಳಿಗೆ ಈ ಪಾಠ ದುಬಾರಿಯಾಯಿತು. ಇದನ್ನೆಲ್ಲ ಕ್ರಮವಾಗಿ ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಅವನ ಗಾಳದ ಪುಸ್ತಕ ಮೊದಲು ಹೊರಬಂದದ್ದು 1873ರಲ್ಲಿ, ಲಂಡನ್ನಿನಲ್ಲಿ ಅಲ್ಲ, ಮಂಗಳೂರಿನಲ್ಲಿ. ತೂಕಕ್ಕೆ ತೂಕ ಇಟ್ಟು ನೋಡಿದರೆ ಸಾಲ್ಮನ್ನಿಗಿಂತ ಮಹಶೀರಿನ ಹೋರಾಟವೇ ಹೆಚ್ಚು ಎಂಬುದು ಅವನ ತೀರ್ಪು. ದಪ್ಪ ಕೊಕ್ಕೆ, ಉದ್ದದ ದಾರ, ಮೀನು ಇರುವ ಮಡುವಿನ ಅರಿವು, ಅವನು ಹೇಳಿದ್ದರ ಸಾರ ಇದು. ಸೋಮೇಶ್ವರನ ಹೆಸರನ್ನು ಅವನು ಕೇಳಿರುವ ಸಂಭವವಿಲ್ಲ. ಗ್ರಂಥ ಆಗಿನ್ನೂ ಓಲೆಯಲ್ಲಿತ್ತು.

ದಾಖಲೆಯಾದ ದೊಡ್ಡ ಮೀನುಗಳು ಬಂದುದು ಕಾವೇರಿಯ ಸೀಮೆಯಿಂದ. 1919ರಲ್ಲಿ ಕರ್ನಲ್ ರಿವೆಟ್ ಕಾರ್ನಾಕ್ ಹಿಡಿದದ್ದು 119 ಪೌಂಡು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು, ಅರಸರ ಬೇಟೆಯ ಹುಲಿ ಚಿರತೆಗಳಿಗೆ ಹುಲ್ಲು ತುಂಬಿ ನಿಲ್ಲಿಸುತ್ತಿದ್ದವರು. ಅವರಲ್ಲೊಬ್ಬರು 1946ರಲ್ಲಿ ಹಿಡಿದದ್ದು 120 ಪೌಂಡು. ಎಂದರೆ ಒಬ್ಬ ಸಾಧಾರಣ ಗೃಹಸ್ಥನ ತೂಕ. ಮುಂದೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮೀನಿನ ಬಿಡಾರಗಳು ನಡೆದ ಕಾಲಕ್ಕೆ ದೇಶದೇಶದವರು ಇಲ್ಲಿಗೆ ಬಂದರು. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವುದು ಅಲ್ಲಿಯ ನಿಯಮವಾಗಿತ್ತು. ಆ ಸಾಹೇಬರ ಕೋಲು, ರಾಟೆ, ದಾರ ಎಲ್ಲ ಪರದೇಶದವು. ಎರೆ ಮಾತ್ರ ನಮ್ಮ ರಾಗಿಯ ಮುದ್ದೆ! ಗಟ್ಟಿಯಾಗಿ ಬೇಯಿಸಿ ನಿಂಬೆಹಣ್ಣಿನ ಗಾತ್ರಕ್ಕೂ ಮೀರಿದ ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುತ್ತಿದ್ದರು. ದೊಡ್ಡ ಮೀನು ಬಂಡೆಗಳ ನಡುವೆ ಓಡಿದಾಗ ಅದರ ಬೆನ್ನಟ್ಟಲು ಹರಿಗೋಲನ್ನೇ ಹತ್ತುತ್ತಿದ್ದರು, ಹುಟ್ಟು ಹಾಕುವವನು ಊರಿನವನು. ಅಭಯಾರಣ್ಯದ ನಿಯಮಗಳು ಬಿಗಿಯಾಗಿ 2010ರ ಈಚಿನ ವರ್ಷಗಳಲ್ಲಿ ಅಲ್ಲಿ ಗಾಳ ನಿಂತಿತು.

ಹತ್ತಿರ ಕರೆಯಲು ಆಹಾರ ಚೆಲ್ಲುವ ಉಪಾಯ ಎಷ್ಟು ಫಲಿಸುತ್ತದೆಂಬುದನ್ನು ನೋಡಬೇಕಾದವರು ಶೃಂಗೇರಿಗೆ ಹೋಗಬೇಕು. ವಿದ್ಯಾಶಂಕರನ ಗುಡಿಯ ಬದಿಯ ಸೋಪಾನದಲ್ಲಿ ಕುಳಿತು ಒಂದು ಹಿಡಿ ಮಂಡಕ್ಕಿ ಎರಚಿದರೆ ಸಾಕು, ತುಂಗೆ ಕಪ್ಪಗೆ ಕುದಿಯುತ್ತದೆ. ದಾವಣಗೆರೆಯವರಾದ ನಮಗೆ ಮಂಡಕ್ಕಿಯ ಆಕರ್ಷಣೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಮೀನುಗಳು ದೇವರ ಮೀನುಗಳು, ಅವನ್ನು ಯಾರೂ ಮುಟ್ಟುವುದಿಲ್ಲ. ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ, ಪಶ್ಚಿಮಕ್ಕಿಳಿಯುವ ಹೊಳೆಯ ಶಿಶಿಲದಲ್ಲಿಯೂ ಇದೇ ಕಟ್ಟಳೆ. ಮನುಷ್ಯನನ್ನು ನಂಬಿ ಮೆಟ್ಟಿಲಿಗೆ ಬರುವ ಮೀನನ್ನು ಹಿಡಿಯಲು ಗಾಳವೂ ಬೇಡ, ಕುಕ್ಕೆ ಸಾಕು. ಆದ್ದರಿಂದಲೇ ಕಟ್ಟಳೆ ಕಟ್ಟುನಿಟ್ಟಾಗಿದೆ. ಮಹಶೀರಿನ ಸಂತತಿ ಮಲೆನಾಡಿನಲ್ಲಿ ಉಳಿದಿರುವುದರಲ್ಲಿ ಈ ಮಡುಗಳ ಪಾಲು ದೊಡ್ಡದು.

ಹರಿಹರದ ಹೊಳೆಗೆ ಅಂಥ ಕಾವಲಿರಲಿಲ್ಲ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ನಿಂತಿತು. ಕೆಳಗಿನ ಮೀನು ಮೇಲೇರುವ ದಾರಿ ಮುಚ್ಚಿತು. ಮೇಲ್ಗಡೆ ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಭದ್ರೆಯ ಕಟ್ಟೆ ಮುಗಿಯಿತು. ಹೊಲಗಳು ಹಸಿರಾದುವು, ದಾವಣಗೆರೆಯ ಅಕ್ಕಿಯ ಗಿರಣಿಗಳು ತುಂಬಿದುವು. ಅದನ್ನು ಅಲ್ಲಗಳೆಯುವವನು ಉಂಡ ಮನೆಗೆ ಎರಡು ಬಗೆಯುವವನು. ಆದರೆ ಮುಂಗಾರಿನ ಕೆಂಪು ಪ್ರವಾಹಕ್ಕೆ ಎದೆಗೊಟ್ಟು ಏರುವ ಮೀನಿಗೆ ಎರಡು ಗೋಡೆಗಳ ನಡುವಿನ ತುಂಡು ಹೊಳೆ ಉಳಿಯಿತು. ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಕಾರ್ಖಾನೆ ಎದ್ದಿತು. ಅದರ ತ್ಯಾಜ್ಯ ನೀರಿನ ವಿಷಯವಾಗಿ, ಮೀನು ಸತ್ತು ತೇಲಿದ ವಿಷಯವಾಗಿ ನದಿಯ ದಡದ ಹಳ್ಳಿಗಳ ದೂರು ಬೆಳೆದು, 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ಚಳವಳಿಯಾಯಿತು. ಆ ದೂರು ಹೊತ್ತವರಲ್ಲಿ ಮೀನುಗಾರರೂ ಇದ್ದರು. ಬಟ್ಟೆಯ ನೂಲಿಗೆ ಮೂಲವಸ್ತು ಮಾಡುವ ಕಾರ್ಖಾನೆ ಒಂದು ಕಡೆ, ದಾರದ ತುದಿಯಲ್ಲಿ ಜೀವ ಹಿಡಿದವರು ಇನ್ನೊಂದು ಕಡೆ.

ಕಾವೇರಿಯ ಕಥೆ ಇನ್ನೂ ವಿಚಿತ್ರ. ಅಲ್ಲಿಯ ಗೂನುಬೆನ್ನಿನ ದೈತ್ಯ ಮಹಶೀರಿಗೆ ಒಂದೂವರೆ ಶತಮಾನ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಗಾಳದವರೆಲ್ಲ ಅದನ್ನು ಬಲ್ಲರು, ಛಾಯಾಚಿತ್ರಗಳಿವೆ, ತೂಕವಿದೆ, ಹೆಸರಿಲ್ಲ. ಕೇರಳದ ಪಾಂಬಾರಿನ ಮೀನಿಗೆ 2007ರಲ್ಲಿ ಕೊಟ್ಟ ‘ರೇಮಾದೇವಿ’ ಎಂಬ ಹೆಸರು ಇದಕ್ಕೇ ಸಲ್ಲುವುದೆಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕಟ್ಟಕಡೆಯ ವರ್ಗಕ್ಕೆ ಸೇರಿತು. ಅದರ ಜಾಗವನ್ನು ಹಿಡಿದ ಮೀನುಗಳಲ್ಲಿ ಮುಖ್ಯವಾದದ್ದು ನಮ್ಮ ಕೃಷ್ಣೆಯ ಕಡೆಯ ಖುದ್ರೀ. ಮಹಾರಾಷ್ಟ್ರದ ಲೋಣಾವಳೆಯ ಮೀನುಮರಿ ಕೇಂದ್ರದಲ್ಲಿ ಸಾಕಿ ಒಳ್ಳೆಯ ಬುದ್ಧಿಯಿಂದಲೇ ಹೊಳೆಹೊಳೆಗೆ ಬಿಟ್ಟದ್ದು. ತೌರಿನಲ್ಲಿ ಕ್ಷೀಣವಾದದ್ದು ಪರರ ಮನೆಯಲ್ಲಿ ಯಜಮಾನಿಕೆ ನಡೆಸುತ್ತಿದೆ.

ಹರಿಹರದ ಹರಿಗೋಲಿಗೆ ಈಗ ತೊಗಲಿಲ್ಲ. ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ದಾರ ನೈಲಾನಿನದು. ಎರಡನೆಯ ಮಹಾಯುದ್ಧದ ಮುಂಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ನೂಲು ನೀರಿನಲ್ಲಿ ಕೊಳೆಯದು, ಮೀನಿನ ಕಣ್ಣಿಗೆ ಸುಲಭವಾಗಿ ಕಾಣದು. ನಾರು ಹೊಸೆಯುವ ಕೆಲಸವನ್ನು ಅದು ಒಂದೇ ತಲೆಮಾರಿನಲ್ಲಿ ನಿಲ್ಲಿಸಿತು. ಸೇತುವೆಯ ಕೆಳಗೆ ಮುಂಜಾನೆ ಹುಟ್ಟು ಹಾಕುವವರು ಬಲೆಯವರೇ ಹೆಚ್ಚು, ಸಿಗುವುದು ಗೆಂಡೆ, ಜಿಲೇಬಿಯಂಥ ಮೀನು. ಕೈದಾರದವರು ಒಬ್ಬರೋ ಇಬ್ಬರೋ. ಅವರ ಗಾಳದ ಕೊಕ್ಕೆ ಚಿಕ್ಕದಾಗಿದೆ, ಮೀನು ಚಿಕ್ಕದಾದ್ದರಿಂದ. ದೊಡ್ಡ ಕೊಕ್ಕೆಯೊಂದನ್ನು ಬೆಂಡಿಗೆ ಚುಚ್ಚಿ ಸೂರಿನ ಸಂದಿಯಲ್ಲಿ ಇಟ್ಟಿದ್ದೇನೆಂದು ಒಬ್ಬ ಮುದುಕರು ಹೇಳಿದರು. ಕೊನೆಯ ಸಲ ಅದನ್ನು ನೀರಿಗೆ ಬಿಟ್ಟದ್ದು ಯಾವಾಗ ಎಂದು ಕೇಳಿದ್ದಕ್ಕೆ ವರ್ಷ ಹೇಳಲಿಲ್ಲ, ಕಾರ್ಖಾನೆಯ ಸೈರನ್ನು ಬರುವುದಕ್ಕೆ ಮುಂಚೆ ಎಂದರು.